ನನ್ನ ಕಾಲುಗಳನ್ನು ನನಗಿಂತ ಚೆನ್ನಾಗಿ ನಡೆಸುವ ಯಂತ್ರಕ್ಕೆ

ಮಾನ್ಯ ನಡಿಗೆ ಯಂತ್ರ ಮಹಾಶಯರೇ,

ಮೊದಲಿಗೆ, ತಮ್ಮ ಸುತ್ತ ದಿನವೂ ನೆರೆಯುವ ನನ್ನ ಪತ್ನಿಗೂ, ಆಕೆಯ ತಮ್ಮನಿಗೂ, ಫಿಸಿಯೋಥೆರಪಿ ಮೇಡಂಗೂ, ವೀಲ್‌ಚೇರಿನಲ್ಲಿ ಸರದಿ ಕಾಯುವ ಸಹರೋಗಿಗಳಿಗೂ ಈ ಬಹಿರಂಗ ಪತ್ರದ ಮೂಲಕ ವಂದನೆಗಳು. ಅವರು ಜೊತೆಗೆ ತರುವ ಅನುಕಂಪವನ್ನು ಮಾತ್ರ ದಯವಿಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಒಯ್ಯಬೇಕೆಂದು ಕೋರುತ್ತೇನೆ. ಕಳೆದ ವರ್ಷ ಮಗ ತೀರಿಕೊಂಡ. ಅದರ ಬೆನ್ನಿಗೇ ಪಾರ್ಶ್ವವಾಯು ಬಡಿದು ಎಡಗಾಲು, ಎಡಗೈ ಅರ್ಧಕ್ಕರ್ಧ ನನ್ನ ಮಾತು ಕೇಳದಾದವು. ಎರಡೂ ನಿಜ. ಆದರೆ ಎದುರಾಳಿಯ ಮೇಲೆ ಕನಿಕರಪಟ್ಟು ವಾದ ಬಿಟ್ಟುಕೊಡುವುದು ಅವನಿಗೆ ಮಾಡುವ ಅವಮಾನವೆಂದು ಕಾಲೇಜಿನ ಚರ್ಚಾಕೂಟಗಳಲ್ಲೇ ಕಲಿತವನು ನಾನು.

ಇನ್ನು ತಮ್ಮ ಗುಣಗಾನ. ಮೇಲಿನಿಂದ ಪಟ್ಟಿಗಳಲ್ಲಿ ತೂಗುಹಾಕಿ, ತೊಡೆಗೂ ಮೀನಖಂಡಕ್ಕೂ ಲೋಹದ ತೋಳುಗಳನ್ನು ಬಿಗಿದು, ಓಡುವ ಟ್ರೆಡ್‌ಮಿಲ್ಲಿನ ಮೇಲೆ ತಾವು ನನ್ನನ್ನು ನಡೆಸುವ ವೈಖರಿಯನ್ನು ಎಷ್ಟು ಹೊಗಳಿದರೂ ಸಾಲದು. ಮದುವೆಯ ದಿನವೂ ನಾನು ಇಷ್ಟು ಗಂಭೀರವಾಗಿ ನಡೆದಿರಲಿಲ್ಲವೆಂದು ಪತ್ನಿಯ ಅಭಿಪ್ರಾಯ. ರೋಗಿ ಎಷ್ಟು ಬಲ ಹಾಕುತ್ತಾನೆಂದು ಅಳೆದು, ಕೊರತೆಯನ್ನಷ್ಟೇ ತಾವು ತುಂಬಿಕೊಡುತ್ತೀರೆಂದು ಮೇಡಂ ವಿವರಿಸಿದ್ದರು. ಎಂಥ ನ್ಯಾಯನಿಷ್ಠೆ!

ಆದರೆ ಮೊನ್ನೆ ಮಗನ ನೆನಪಾಗಿ, ಬಲ ಹಾಕುವುದನ್ನೇ ಮರೆತು ನಾನು ಮೂಟೆಯಂತೆ ಜೋತುಬಿದ್ದೆ. ತಾವು ಕಿಂಚಿತ್ತೂ ತಡವರಿಸದೆ ನನ್ನನ್ನು ನಡೆಸಿಕೊಂಡೇ ಹೋದಿರಿ, ಪರದೆಯ ಮೇಲೆ ನಗುಮುಖ ಮೂಡಿ 'ಅದ್ಭುತ ಪ್ರಗತಿ' ಎಂದು ಮಿನುಗಿತು, "ನೋಡಕ್ಕಾ, ಭಾವ ಎಷ್ಟು ಸೊಗಸಾಗಿ ನಡೀತಿದಾರೆ!" ಎಂದು ಭಾವಮೈದುನ ಚಪ್ಪಾಳೆ ತಟ್ಟಿದ. ತೀರ್ಪುಗಾರನೇ ಭಾಷಣ ಮಾಡಿ, ವೇದಿಕೆಯ ಮೇಲೆ ತೂಕಡಿಸಿದವನಿಗೆ ಬಹುಮಾನ ಕೊಟ್ಟ ಸ್ಪರ್ಧೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ವಿಚಾರಿಸಿದಾಗ ಮೇಡಂ ಸಂಕೋಚದಿಂದ ನಿಜ ಹೇಳಿದರು. ತಾವು ಕೊಡುವ ಸಹಾಯದ ಮಿತಿಯನ್ನು ಅವರು ಬರಬರುತ್ತಾ ಇಳಿಸಬೇಕಿತ್ತಂತೆ. ಆದರೆ "ಮಗ ಹೋದಮೇಲೆ ನಮ್ಮನೆಯವರು ಕುಗ್ಗಿಹೋಗಿದಾರೆ ಮೇಡಂ, ಕಾಲಾದ್ರೂ ಸರಿಹೋಗ್ತಿದೆ ಅಂದ್ಕೊಳ್ಲಿ, ಸ್ವಲ್ಪ ಜಾಸ್ತೀನೇ ಇಡಿ" ಎಂದು, ತಾನೂ ಅದೇ ಮಗನನ್ನು ಕಳೆದುಕೊಂಡವಳೆಂಬುದನ್ನು ಮರೆತು, ನನ್ನ ಪತ್ನಿ ಗೋಗರೆದಿದ್ದಳಂತೆ. ಹಾಗಾಗಿ ತಮ್ಮನ್ನು ದೂರಲಾರೆ. ತಾವು ನಮ್ಮ ಮನೆಯವರಲ್ಲೊಬ್ಬರಾಗಿದ್ದೀರಿ, ಅಷ್ಟೆ. ಮನೆಯಲ್ಲೂ ನಾನು ಬಾಯಿ ತೆರೆಯುವ ಮೊದಲೇ ಚಮಚ ಬರುತ್ತದೆ, ಮಾತು ಮುಗಿಸುವ ಮೊದಲೇ ಒಪ್ಪಿಗೆ ಬರುತ್ತದೆ. ಎದುರು ಮಾತಾಡುತ್ತಿದ್ದವನು ಮಗನೊಬ್ಬನೇ. ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಅವನು, "ಅಪ್ಪಾ, ನಿಮ್ಮ ವಾದಕ್ಕೆ ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳದೆ ಊಟಕ್ಕೆ ಕೂರುತ್ತಿರಲಿಲ್ಲ.

ಅವನ ಬಾಡಿಗೆ ಅಂಗಡಿಯನ್ನು ಈ ವಾರ ಖಾಲಿಮಾಡಿ ಮಾಲೀಕರಿಗೆ ಬೀಗದಕೈ ಹಿಂತಿರುಗಿಸುವುದೆಂದು ನನ್ನನ್ನು ಕೇಳದೆಯೇ ನಿಶ್ಚಯವಾಗಿದೆ. "ಭಾವನಿಗೆ ಅಲ್ಲೀತನಕ ನಡೆಯೋಕಾಗಲ್ಲ, ನೋಡಿದ್ರೆ ಸಂಕಟ ಬೇರೆ" ಎಂಬುದು ಭಾವಮೈದುನನ ಕಾಳಜಿ. ಯಂತ್ರದಲ್ಲಿ ಅದ್ಭುತ, ಬೀದಿಯಲ್ಲಿ ಅಸಾಧ್ಯ!

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಇವು. ನಾನು ಜೋತುಬಿದ್ದಾಗ ತಾವು ಗದರಬೇಕು. ಆಗಾಗ ತಾವೇ ಮುಗ್ಗರಿಸಿ ಬಿದ್ದು, ಮರ್ಯಾದೆ ಕಳೆದುಕೊಳ್ಳದೆ ಏಳುವುದು ಹೇಗೆಂದು ತೋರಿಸಬೇಕು. ನಮ್ಮ ಬೀದಿಯ ಅಲುಗಾಡುವ ಚಪ್ಪಡಿಕಲ್ಲು, ಅಡ್ಡ ಮಲಗಿದ ನಾಯಿ, "ಹೇಗಿದ್ದೀರಿ?" ಎಂದು ತಡೆದು ನಿಲ್ಲಿಸುವ ನೆರೆಯವರು, ಇವೆಲ್ಲವನ್ನೂ ತಮ್ಮ ಟ್ರೆಡ್‌ಮಿಲ್ಲಿನ ಮೇಲೆ ಒದಗಿಸಬೇಕು.

ಇವು ಈಡೇರುವವರೆಗೆ ಕಾಯುವ ವ್ಯವಧಾನ ನನಗಿಲ್ಲ. ಯಾರನ್ನೂ ಕೇಳದೆ ನಾನೊಬ್ಬನೇ ತೀರ್ಮಾನಿಸಿದ್ದೇನೆ: ನಾಳೆ ಬೆಳಿಗ್ಗೆ ತಮ್ಮ ಸನ್ನಿಧಿಗೆ ಬರುವ ಬದಲು, ಕೋಲೂರಿ, ಎಡಗಾಲನ್ನು ಎಳೆದುಕೊಂಡು ಮಗನ ಅಂಗಡಿಗೆ ಹೋಗುತ್ತೇನೆ. ಅವನ ಸಾಮಾನುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕೆಂಬುದನ್ನು ಅಲ್ಲಿ ನಿಂತು ನಾನೇ ಹೇಳುತ್ತೇನೆ.

ತಮ್ಮ ವಿಶ್ವಾಸಿ,
ಬೆಳಗಿನ ಸರದಿಯ ರೋಗಿ

ವಿ.ಸೂ.: ಅಂಗಡಿಯ ಶಟರ್ ಎತ್ತಲು ಎರಡು ಕೈ ಬೇಕು, ನನ್ನಲ್ಲಿರುವುದು ಒಂದೂವರೆ. ಉಳಿದ ಅರ್ಧವನ್ನು ಭಾವಮೈದುನ ತರಬಹುದು. ಅವನೇನಾದರೂ ತನ್ನೆರಡೂ ಕೈಗಳನ್ನು ಹಾಕಿದರೆ, ಶಟರನ್ನು ಇಳಿಸಿ ಮೊದಲಿನಿಂದ ಶುರು ಮಾಡುತ್ತೇನೆ.