ಮಾನಿಟರಿನ ಅಂಚು ಕಪ್ಪಾಗಿದೆಯೆಂದು ಕೊಟ್ಟ ದೂರನ್ನು ಹಿಂಪಡೆಯುವ ಬಗ್ಗೆ

ಸ್ಥಳ: ಥಂಡರ್ ಬೇ, ಒಂಟಾರಿಯೊ
ದಿನಾಂಕ: ಮಾರ್ಚ್ 11

ಇಂದ,
ಲಾಯ್ಡ್ ಸಾಲ್ಮೆಲಾ,
ವಯಸ್ಸು ಐವತ್ತಾರು, ಕಳೆದ ತಿಂಗಳವರೆಗೆ ನಗರಸಭೆಯ ಹಿಮ ಬಾಚುವ ಲಾರಿಯ ಚಾಲಕ.

ಗೆ,
ಮಾನ್ಯ ವ್ಯವಸ್ಥಾಪಕರು,
ಸಿಲ್ವರ್ ಹಾರ್ಬರ್ ಇಲೆಕ್ಟ್ರಾನಿಕ್ಸ್ ಅಂಗಡಿ.

ವಿಷಯ: ಮೂರು ಮಾನಿಟರುಗಳ ಮೇಲೂ ತಮ್ಮ ನೌಕರರೊಬ್ಬರ ಮೇಲೂ ಹೊರಿಸಿದ ಆಪಾದನೆಗಳನ್ನು ಹಿಂಪಡೆದು, ಮೂರನೆಯ ಮಾನಿಟರನ್ನು ಚಿಕ್ಕದಕ್ಕೆ ಬದಲಾಯಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1) ಅರ್ಜಿದಾರನ ದೂರು, ಜನವರಿ 9 (ಎರಡೂ ಅಂಚು ಕಪ್ಪು).
2) ಅರ್ಜಿದಾರನ ದೂರು, ಜನವರಿ 20 (ಅಂಚು ಇನ್ನೂ ಕಪ್ಪು).
3) ಶ್ರೀಮತಿ ಡೊರೀನ್ ಮೂನಿಯಾಸ್ ಅವರ ವಿರುದ್ಧ ಅರ್ಜಿದಾರನು ಸಿಟ್ಟಿನಲ್ಲಿ ಬರೆದ ದೂರು, ಫೆಬ್ರವರಿ 2.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರ ಲಾಯ್ಡ್ ಸಾಲ್ಮೆಲಾ ಎಂಬವನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನ ಕಂಪ್ಯೂಟರಿನ ಹಳೆಯ ಮಾನಿಟರು ಕ್ರಿಸ್‌ಮಸ್ ವಾರದಲ್ಲಿ ಕೆಟ್ಟುಹೋಯಿತು. ಅದು ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಣಗಿಸುವ ಯಂತ್ರದ ಎದುರಿಗಿತ್ತು. ವಾರದ ದಿನಗಳಲ್ಲಿ ಅರ್ಜಿದಾರನು ಅದರಲ್ಲಿ ಟ್ಯಾಂಕು ಯುದ್ಧದ ಆಟವನ್ನು, ಸಡ್ಬರಿಯಲ್ಲಿರುವ ಭಾವಮೈದುನ ಬ್ರೆಂಟ್ ಜೊತೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆಡುತ್ತಿದ್ದನು. ಶನಿವಾರ ಅದು ಹೆಂಡತಿ ಕೊರಿನ್‌ಳ ಸಿನಿಮಾಕ್ಕೆ ಮೀಸಲು. ಆದ್ದರಿಂದ ಹೊಸ ಮಾನಿಟರು ಇಬ್ಬರಿಗೂ ಒಗ್ಗಬೇಕಾಗಿತ್ತು, ಬೆಲೆಯೂ ನಡುಮಟ್ಟದ್ದಾಗಿರಬೇಕಿತ್ತು.

2. ದಂಪತಿಗಳು ತಮ್ಮ ಅಂಗಡಿಗೆ ಬಂದಾಗ ಕೌಂಟರಿನಲ್ಲಿದ್ದವರು ಶ್ರೀಮತಿ ಡೊರೀನ್. ಕೊರಿನ್ ತನ್ನ ಷರತ್ತು ಹೇಳಿದಳು: "ಕತ್ತಲೆ ಕತ್ತಲೆಯಾಗೇ ಕಾಣ್ಬೇಕು ಕಣ್ರೀ. ಹಳೇದ್ರಲ್ಲಿ ಸಿನಿಮಾದ ಕೊಲೆಗಾರ ಬೂದಿ ಬಳ್ಕೊಂಡವನ ಥರ ನಿಂತಿರ್ತಿದ್ದ. ಅವನನ್ನ ನೋಡಿ ಹೆದರ್ಕೊಳ್ಳೋದು ಹೇಗೆ?" ಅರ್ಜಿದಾರನು, ಟ್ಯಾಂಕು ತಿರುಗಿದಾಗ ಚಿತ್ರ ಕಲಸಿಹೋಗಬಾರದೆಂದು ಹೇಳಿದನು.

"ಎರಡೂ ಪೂರ್ತಿ ಬೇಕಂದ್ರೆ ಬೆಲೆ ನಡುಮಟ್ಟದಲ್ಲಿ ನಿಲ್ಲಲ್ಲ," ಎಂದರು ಡೊರೀನ್. "ಯಾರಾದ್ರೂ ಒಬ್ರು ಸ್ವಲ್ಪ ಸಹಿಸ್ಕೋಬೇಕು. ನಿಮ್ಮಿಬ್ಬರಲ್ಲಿ ಯಾರಿಗೆ ಅಭ್ಯಾಸ?"

"ನನಗೆ," ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

3. ಮೊದಲು ಕೊಂಡದ್ದು ಇಪ್ಪತ್ತೇಳು ಇಂಚಿನದು, ಸೆಕೆಂಡಿಗೆ ನೂರ ನಲವತ್ತನಾಲ್ಕು ಸಲ ಚಿತ್ರ ಬದಲಿಸುವಂಥದ್ದು. ಮೊದಲ ದಿನವೇ ಅರ್ಜಿದಾರನ ಟ್ಯಾಂಕು ಹನ್ನೊಂದು ಸಲ ಸುಟ್ಟುಹೋಯಿತು. ಬ್ರೆಂಟ್ ಕಿವಿಯಲ್ಲಿ ಕೂಗುತ್ತಿದ್ದನು: "ಭಾವಾ, ಎಡಗಡೆ! ಎಡಗಡೆ ನೋಡು! ಮನೆಯಷ್ಟು ದೊಡ್ಡ ಟ್ಯಾಂಕು ನಿಂತಿದೆ, ಕಾಣಲ್ವಾ? ಅವನು ಗುಂಡು ಹೊಡೆಯೋ ಮುಂಚೆ ನಿನಗೆ ಕೈ ಬೀಸಿದ ಮಾರಾಯಾ!"

ಪರದೆಯ ಎರಡೂ ಅಂಚು ಕಪ್ಪಾಗಿವೆಯೆಂದು ಬರೆದು ಅರ್ಜಿದಾರನು ಅದನ್ನು ವಾಪಸು ಮಾಡಿದನು. ಅಂಚು ಕಾಣದಿದ್ದರೆ ಇನ್ನೂ ಅಗಲವಾದದ್ದು ಬೇಕೆಂದು ಯೋಚಿಸಿ, ಮೂವತ್ತನಾಲ್ಕು ಇಂಚಿನ, ಕಮಾನಿನಂತೆ ಬಾಗಿದ ಮಾನಿಟರು ತಂದನು. ಅದರಲ್ಲಿ ಆಟದಲ್ಲಿ ಇನ್ನೂ ಹೆಚ್ಚು ಸಲ ಸತ್ತನು. ಕಾರಣ, ಅದನ್ನೂ ವಾಪಸು ಮಾಡಿದನು. ಮೂರನೆಯದು ಮೂವತ್ತೆರಡು ಇಂಚಿನದು. ಅದರಲ್ಲಿ ಕೊಲೆಗಾರನು ಕೊನೆಗೂ ಕಪ್ಪಾಗಿ ಕಂಡನೆಂದು ಕೊರಿನ್ ಬಹಳ ಸಂತೋಷಪಟ್ಟಳು. ಆದರೆ ಅಂಚು ಇದರಲ್ಲೂ ಕಾಣದ್ದರಿಂದ ಅರ್ಜಿದಾರನಿಗೆ ಎಲ್ಲ ಮಾನಿಟರುಗಳೂ ಒಂದೇ ರೋಗದವೆಂದು ಮನವರಿಕೆಯಾಯಿತು.

4. ಫೆಬ್ರವರಿ 2ರಂದು ಮಧ್ಯಾಹ್ನ ಅರ್ಜಿದಾರನು ಮೂರನೆಯ ಪೆಟ್ಟಿಗೆಯನ್ನು ಹೊತ್ತು ತಮ್ಮ ಅಂಗಡಿಗೆ ಒಬ್ಬನೇ ಬಂದನು. ಡೊರೀನ್ ಮಾನಿಟರನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಬೆಲೆ ಬರೆಯುವ ಹಳದಿ ಚೀಟಿಗಳನ್ನು ಪರದೆಯ ಮೇಲೆ ಅಲ್ಲಲ್ಲಿ ಅಂಟಿಸಿ, ಅರ್ಜಿದಾರನನ್ನು ಎದುರಿಗೆ ಕೂರಿಸಿದರು.

"ನಡುವಿನ ಚೀಟಿ ಮಾತ್ರ ನೋಡಿ. ಕಣ್ಣು ಆಡಿಸ್ಬೇಡಿ. ಎಷ್ಟು ಚೀಟಿ ಕಾಣ್ತವೆ?"

"ಐದು."

"ನಾನು ಹದಿಮೂರು ಅಂಟಿಸಿದೀನಿ."

"ನೋಡಿ ಮತ್ತೆ, ನಾನು ಹೇಳಿದ್ದು ಅದನ್ನೇ! ಅಂಚು ಸರಿ ಇಲ್ಲ."

"ಸಾರ್, ಇದಿನ್ನೂ ಆನ್ ಆಗಿಲ್ಲ. ಅಂಟಿಸಿರೋದು ಕಾಗದ." ಡೊರೀನ್ ಕುರ್ಚಿ ಎಳೆದು ಅರ್ಜಿದಾರನ ಎದುರಿಗೆ ಕುಳಿತರು. "ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಬಾಗಿಲು ಚಿಕ್ಕದಾಗಿದೆ ಅಂತ ಬಡಗಿ ಹತ್ರ ಜಗಳ ಮಾಡ್ತಿದ್ರು. ನೀವು ಏನು ಕೆಲಸ ಮಾಡ್ತೀರಿ?"

"ಹಿಮ ಬಾಚೋ ಲಾರಿ ಓಡಿಸ್ತೀನಿ."

"ಇವತ್ತು ಇಲ್ಲಿಗೆ ಹೇಗೆ ಬಂದ್ರಿ?"

"ಕಾರು ಓಡಿಸ್ಕೊಂಡು."

"ಬೀಗದ ಕೈ ಕೊಡಿ."

ಅರ್ಜಿದಾರನು ಕೊಡಲಿಲ್ಲ. ಅವರು ಎದ್ದು ಬಂದು ಅವನ ಕೋಟಿನ ಜೇಬಿಗೇ ಕೈ ಹಾಕಿ ತೆಗೆದುಕೊಂಡರು, ಕೊರಿನ್‌ಗೆ ಫೋನು ಮಾಡಿದರು. ಅವಳು ಬರುವವರೆಗೆ ಅರ್ಜಿದಾರನು ತಮ್ಮ ಅಂಗಡಿಯ ಸಲಹಾ ಪೆಟ್ಟಿಗೆಯ ಬಳಿ ನಿಂತು, 'ಈ ಹೆಂಗಸು ಗ್ರಾಹಕರ ಜೇಬಿಗೆ ಕೈ ಹಾಕುತ್ತಾರೆ' ಎಂದು ಸ್ಪಷ್ಟವಾದ ಅಕ್ಷರದಲ್ಲಿ ಬರೆದು ಹಾಕಿದನು. ಸದರಿ ದೂರಿನ ಕಾರಣ ಡೊರೀನ್ ಅವರಿಗೆ ತಮ್ಮಿಂದ ವಿವರಣೆ ಕೇಳಿ ನೋಟಿಸು ಹೋಗಿದೆಯೆಂದು ಕೊರಿನ್ ಮೂಲಕ ತಿಳಿದುಬಂದಿದೆ.

5. ಆ ವಾರವೇ ಕಣ್ಣಿನ ಆಸ್ಪತ್ರೆಯಲ್ಲಿ ಅರ್ಜಿದಾರನ ತಲೆಯನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನಡುವೆ ನಾಲ್ಕೈದು ಚುಕ್ಕಿ ಬಂದವು, ಒತ್ತಿದನು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ನಿಧಾನವೆಂದು ತಿಳಿದು ಅವನು ಕಾದು ಕುಳಿತನು.

"ಉಳಿದದ್ದು ಯಾವಾಗ ಶುರುಮಾಡ್ತೀರಿ?" ಎಂದು ಕೇಳಿದನು.

"ಪರೀಕ್ಷೆ ಮುಗೀತು," ಎಂದರು ಡಾಕ್ಟರು.

ಕಣ್ಣಿನ ನರ ಸವೆಯುವ ಗ್ಲಾಕೋಮಾ ಎಂಬ ಕಾಯಿಲೆಯಂತೆ. ಹೋದ ನೋಟ ಹಿಂದಿರುಗುವುದಿಲ್ಲ. ದಿನವೂ ಹನಿ ಹಾಕಿಕೊಂಡರೆ ಉಳಿದದ್ದು ಉಳಿಯಬಹುದು.

6. ಈ ಸಂದರ್ಭದಲ್ಲಿ, ಆಸ್ಪತ್ರೆಗೆ ಹೋಗುವವರೆಗೆ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ದಾಖಲಿಸುವುದು ಅಗತ್ಯ. ಈ ಚಳಿಗಾಲದಲ್ಲಿ ಅರ್ಜಿದಾರನ ಲಾರಿ ಎರಡು ಅಂಚೆಪೆಟ್ಟಿಗೆಗಳನ್ನು ಉರುಳಿಸಿತ್ತು. ಹಿಮದ ಮೇಲೆ ತಪ್ಪು ಹೊರಿಸಿ ಸುಮ್ಮನಾಗಿದ್ದನು. ಜನವರಿಯಲ್ಲಿ ಒಂದು ಬೆಳಗ್ಗೆ ತಿರುವಿನಲ್ಲಿ ಹೆಂಗಸೊಬ್ಬಳು ಕಿರುಚಿದ ಮೇಲೆ ಬ್ರೇಕು ಹಾಕಿದನು. ಅವಳು ಎಡಗಡೆ, ಮಗುವಿನ ಗಾಡಿ ಹಿಡಿದು ನಿಂತಿದ್ದಳು. ಅಲ್ಲಿ ಯಾರೂ ಇರಲಿಲ್ಲವೆಂದು ಅರ್ಜಿದಾರನು ಇಂದಿಗೂ ಆಣೆ ಮಾಡಬಲ್ಲನು. ಆದರೆ ಅವಳಿದ್ದಳು. ಏನೂ ಆಗಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಹೋಗಿ ಲಾರಿಯ ಬೀಗದ ಕೈಯನ್ನು ಮೇಸ್ತ್ರಿಗೆ ಒಪ್ಪಿಸಿ, ಈ ಮಾತನ್ನೂ ಹೇಳಿದನು. ಮೇಸ್ತ್ರಿ ಬೀಗದ ಕೈಯನ್ನು ಗೋಡೆಯ ಮೊಳೆಗೆ ನೇತುಹಾಕಿ, "ನಾಳೆಯಿಂದ ಆಫೀಸಿನಲ್ಲಿ ವೈರ್‌ಲೆಸ್ ಹಿಡ್ಕೊಂಡು ಕೂತ್ಕೋ, ಲಾಯ್ಡ್," ಎಂದನು.

7. ಮೂರನೆಯ ಮಾನಿಟರನ್ನು ಅಂದು ಅಂಗಡಿಯಿಂದ ಕೊರಿನ್ ಮತ್ತೆ ಮನೆಗೆ ತಂದಿದ್ದಳು. ದೂರ ಕುಳಿತರೆ ಪರದೆ ಪೂರ್ತಿ ಕಾಣುತ್ತದೆಂದು ಡಾಕ್ಟರು ಹೇಳಿದ್ದರು, ಆದರೆ ಹಿಂದೆ ಸರಿದರೆ ಬೆನ್ನಿಗೆ ಬಟ್ಟೆ ಒಣಗಿಸುವ ಯಂತ್ರ ತಗಲುತ್ತದೆ. ಕಳೆದ ಶನಿವಾರ ಇಬ್ಬರೂ ಸಿನಿಮಾ ನೋಡುತ್ತಿದ್ದಾಗ ಅರ್ಜಿದಾರನು ಮತ್ತೆ ಮತ್ತೆ ತಲೆ ತಿರುಗಿಸಿದನು.

"ಸಿನಿಮಾ ಬಿಟ್ಟು ನನ್ನ ಮುಖ ಯಾಕೆ ನೋಡ್ತಿದೀಯ?"

"ಅಳ್ತಿದೀಯಾ ಇಲ್ವಾ ಅಂತ."

"ಇಷ್ಟು ವರ್ಷ ಹೇಗೆ ಗೊತ್ತಾಗ್ತಿತ್ತು?"

"ಓರೆಗಣ್ಣಲ್ಲಿ."

ಕೊರಿನ್ ಸಿನಿಮಾ ನಿಲ್ಲಿಸಿದಳು. "ಚಿಕ್ಕದು ತಗೊಂಡ್ಬಿಡೋಣ," ಎಂದಳು.

"ಈಗ ತಾನೆ ನಿನ್ನ ಕೊಲೆಗಾರ ಕಪ್ಪಗಾಗಿದಾನೆ."

"ಬೂದಿ ಬಣ್ಣದವನೇ ಇರ್ಲಿ ಬಿಡು. ಚಿಕ್ಕದಾದ್ರೆ ಇಬ್ರೂ ಅಂಟ್ಕೊಂಡು ಕೂರ್ಬೇಕಾಗತ್ತೆ. ಅಳು ಬಂದ್ರೆ ನಿನ್ನ ಅಂಗಿಗೇ ಮೂಗು ಒರೆಸ್ತೀನಿ, ಆಗ ಗೊತ್ತಾಗತ್ತೆ."

ಆದ್ದರಿಂದ ತಾವು ದಯಮಾಡಿ,

ಅ) ಮೂರೂ ಮಾನಿಟರುಗಳು ನಿರ್ದೋಷಿಗಳೆಂದು ದಾಖಲೆಯಲ್ಲಿ ನಮೂದಿಸಬೇಕಾಗಿಯೂ,

ಆ) ಶ್ರೀಮತಿ ಡೊರೀನ್ ಮೂನಿಯಾಸ್ ಅವರಿಗೆ ಕೊಟ್ಟ ನೋಟಿಸನ್ನು ರದ್ದುಪಡಿಸಬೇಕಾಗಿಯೂ, ಅವರು ಅರ್ಜಿದಾರನ ಜೇಬಿಗೆ ಕೈ ಹಾಕಿದ್ದು ಸಕಾಲದಲ್ಲಿಯೇ ಎಂದು ಅವರಿಗೆ ಲಿಖಿತವಾಗಿ ತಿಳಿಸಬೇಕಾಗಿಯೂ,

ಇ) ವಾಪಸಾತಿಯ ಹದಿನೈದು ದಿನದ ಗಡುವು ಆಸ್ಪತ್ರೆಯ ಓಡಾಟದಲ್ಲಿ ಮೀರಿರುವುದರಿಂದ, ವಿಳಂಬವನ್ನು ಮನ್ನಿಸಿ, ಇಪ್ಪತ್ತನಾಲ್ಕು ಇಂಚಿನದೊಂದನ್ನು ಬದಲಿಗೆ ಕೊಡಬೇಕಾಗಿಯೂ ಕೋರಲಾಗಿದೆ.

ತಮ್ಮ ವಿಶ್ವಾಸಿ,
ಲಾಯ್ಡ್ ಸಾಲ್ಮೆಲಾ
(ಸಹಿ ಗೆರೆಯ ಹೊರಗೆ ಹೋಗಿದ್ದಲ್ಲಿ ಕ್ಷಮೆಯಿರಲಿ)

ಲಗತ್ತುಗಳು:
1) ಕೊಂಡ ರಸೀದಿ.
2) ಕಣ್ಣಿನ ಪರೀಕ್ಷೆಯ ವರದಿಯ ನಕಲು, ಎರಡು ಹಾಳೆ. ಕಪ್ಪಾಗಿರುವ ಭಾಗ ಮುದ್ರಣದೋಷವಲ್ಲ.
3) ಡೊರೀನ್ ಅವರಿಗೆಂದು ಕೊರಿನ್ ಹೆಣೆದ ಕೈಗವಸು, ಒಂದು ಜೊತೆ.

ವಿಶೇಷ ಸೂಚನೆ: ಪರದೆಯನ್ನು ನೋಡುತ್ತಿರುವಾಗಲೇ ಪಕ್ಕದಲ್ಲಿ ಕುಳಿತವರೂ ಕಾಣುವಂಥ ಮಾದರಿ ಮುಂದೆಂದಾದರೂ ನಡುಮಟ್ಟದ ಬೆಲೆಯಲ್ಲಿ ಬಂದಲ್ಲಿ, ಒಂದನ್ನು ಅರ್ಜಿದಾರನ ಹೆಸರಿನಲ್ಲಿ ತೆಗೆದಿರಿಸಬೇಕಾಗಿ ವಿನಂತಿ. ಆಟಕ್ಕೆ ಒಗ್ಗದಿದ್ದರೂ ಚಿಂತೆಯಿಲ್ಲ.