ಮಡಿಬ್ರೆಡ್ಡು

ನಳ ಮಹಾರಾಜ ಗಂಡಸು. ಭೀಮಸೇನ ಗಂಡಸು. ಆ ಸಾಲಿನಲ್ಲಿ ಮೂರನೆಯವನು ತುಮಕೂರು ತಾಲ್ಲೂಕು ಕಚೇರಿಯ ಗುಮಾಸ್ತ ಪಟ್ಟಾಭಿರಾಮ, ಅಂದರೆ ನಾನು ಎಂದು ಐವತ್ತೆಂಟನೇ ಇಸವಿಯ ಚಳಿಗಾಲದ ಒಂದು ಬೆಳಗ್ಗೆ ತೀರ್ಮಾನಿಸಿಬಿಟ್ಟೆ!

ಅಮ್ಮನಿಗೆ ಜ್ವರ ಬಂದು ಇಳಿದಿತ್ತು. ಅನ್ನ ಸದ್ಯಕ್ಕೆ ಬೇಡ, ಬ್ರೆಡ್ಡು ಹಾಲು ಕೊಡಿ ಎಂದಿದ್ದರು ಡಾಕ್ಟರು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದರು.

"ಬೇಕರೀಲಿ ಹಿಟ್ಟನ್ನ ಕಾಲಲ್ಲಿ ತುಳೀತಾರಂತೆ ಕಣೋ. ಪ್ರಾಣ ಹೋದ್ರೂ ಮುಟ್ಟಲ್ಲ!"

ಮೂರು ದಿನದಿಂದ ಬರೀ ಗಂಜಿ ತಿಳಿ. ಅಮ್ಮನ ಕೈ ಕಡ್ಡಿಯಾಗಿತ್ತು.

"ನಾನೇ ಮಾಡ್ತೀನಮ್ಮ. ಸ್ನಾನ ಮಾಡಿ, ಮಡಿಯುಟ್ಟು, ಕೈಯಲ್ಲಿ ನಾದಿ!"

ಹೆಂಡತಿ ಕೌಸಲ್ಯ ಬಾಗಿಲಲ್ಲಿ ನಿಂತಿದ್ದಳು. "ಹೋದ ತಿಂಗಳು ಹಾಲು ಕಾಯಿಸಿ ಪಾತ್ರೆ ಸೀಸಿದೋರು ನೀವೇ ಅಲ್ವೇನ್ರೀ?"

"ಅದು ಹಾಲಿನ ತಪ್ಪು!" ಎಂದೆ.

ಎರಡು ದಿನ ರಜೆ ಬರೆದುಕೊಟ್ಟು ಮಂಡಿಪೇಟೆಗೆ ನಡೆದೆ. ಬೇಕರಿಯ ರಾಮಾಂಜಿನಯ್ಯ ಗುಟ್ಟು ಬಿಟ್ಟುಕೊಡುವ ಮನುಷ್ಯ.

"ಹಿಟ್ಟು ಉಬ್ಬಕ್ಕೆ ಹಿಂದೆಲ್ಲ ಹೆಂಡ ಹಾಕೋರು ಸ್ವಾಮಿ. ಈಗ ಯೀಸ್ಟ್ ಅಂತ ಬಂದದೆ. ನಂತಾವ ಮುಗ್ದೋಗದೆ ಬುಡಿ."

ಅಮ್ಮನ ಮಡಿಬ್ರೆಡ್ಡಿಗೆ ಹೆಂಡ! ಅಲ್ಲಿಂದ ಓಡಿ ಬಂದವನು ತಣ್ಣೀರು ಸುರಿದುಕೊಂಡು, ಕೌಸಲ್ಯ ರುಬ್ಬಿಟ್ಟಿದ್ದ ಇಡ್ಲಿಹಿಟ್ಟಿನಲ್ಲಿ ಎರಡು ಸೌಟು ಎತ್ತಿ ಮೈದಾಕ್ಕೆ ಸುರಿದೆ. ಒದ್ದೆ ಪಂಚೆಯಲ್ಲಿ ನಡುಗುತ್ತ ಒಂದು ಗಂಟೆ ನಾದಿದೆ. ಹಿಟ್ಟು ಮೊಣಕೈವರೆಗೂ ಹತ್ತಿತು, ಆದರೆ ನಾನು ಜಗ್ಗಲಿಲ್ಲ.

ಇನ್ನು ಅದನ್ನು ಬೆಚ್ಚಗಿಡಬೇಕು. ಅಮ್ಮ ಹಿತ್ತಲಿನ ಬಿಸಿಲಿಗೆ ಹೋಗಿ ಕೂತಿದ್ದರು. ಅವರ ಹಾಸಿಗೆ ಇನ್ನೂ ಬಿಸಿಯಾಗಿತ್ತು. ಹಿಟ್ಟಿನ ಪಾತ್ರೆಯನ್ನು ಅಲ್ಲೇ ಇಟ್ಟು, ಗುಬ್ಬಿ ಸಂತೆಯಲ್ಲಿ ಕೊಂಡ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಹೊದಿಸಿದೆ.

"ಅಯ್ಯೋ, ಕಾಯಿಲೆ ಹಾಸಿಗೆ ಮೇಲಾ? ಮಡಿ ಕೆಡಲ್ವಾ?" ಎಂದಳು ಕೌಸಲ್ಯ.

"ಉಣ್ಣೆಗೆ ಮೈಲಿಗೆ ಇಲ್ಲ ಕಣೇ!" ಎಂದು ಶಾಸ್ತ್ರ ಹೇಳಿ, ಬಚ್ಚಲಿನ ಹಂಡೆ ಒಲೆಗೆ ಸೌದೆ ತುಂಬಲು ಹೋದೆ.

ಮಧ್ಯಾಹ್ನ ಯೋಗಕ್ಷೇಮ ವಿಚಾರಿಸಲು ನಮ್ಮ ಹೆಡ್ ಗುಮಾಸ್ತರು ಚಂದ್ರಶೇಖರಯ್ಯ ಬಂದರು. ನಿಜವಾಗಿ ವಿಚಾರಿಸಲು ಬಂದದ್ದು ನನ್ನ ರಜೆಯನ್ನು! ಕನ್ನಡಕ ಇಲ್ಲದಿದ್ದರೆ ಅವರಿಗೆ ಆನೆಯೂ ಕಾಣದು. ಅಂದು ಕನ್ನಡಕ ಮರೆತಿದ್ದರು. ಹಾಸಿಗೆಯ ಪಕ್ಕ ಕೂತು, ಕಂಬಳಿಯ ಮೇಲೆ ಮೆಲ್ಲಗೆ ಕೈಯಿಟ್ಟು ನೋಡಿ ಗಾಬರಿಯಾದರು.

"ಪಟ್ಟಾಭಿರಾಮ್! ತಾಯಿಯವ್ರು ಪೂರ್ತಿ ಊದ್ಕೊಂಡಿದಾರಲ್ರೀ!"

ಬಚ್ಚಲಿನ ಹೊಗೆಯೊಳಗಿಂದ ನಾನು ಕುಣಿಯುತ್ತ ಬಂದೆ. "ಊದಿದ್ಯಾ ಸಾರ್? ಸದ್ಯ! ಬೆಳಗ್ಗೆಯಿಂದ ಅದನ್ನೇ ಕಾಯ್ತಿದ್ದೆ! ಇನ್ನೇನು, ಬೆಂಕಿನೂ ರೆಡಿ ಇದೆ!"

ಅವರ ಮುಖ ಬಿಳುಚಿತು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಅಮ್ಮ, "ಯಾರಪ್ಪಾ ಬಂದಿರೋದು?" ಎಂದು ಒಳಗೆ ಬಂದರು. ಚಂದ್ರಶೇಖರಯ್ಯ ಕಣ್ಣು ಕಿರಿದು ಮಾಡಿ ಕಂಬಳಿ ನೋಡಿದರು, ಅಮ್ಮನನ್ನು ನೋಡಿದರು, ಒದ್ದೆ ಪಂಚೆಯ ನನ್ನನ್ನು ನೋಡಿದರು. ಕಾಫಿಗೂ ನಿಲ್ಲದೆ ಬೀದಿಗಿಳಿದರು.

"ಬೇಕಾದ್ರೆ ಇನ್ನೊಂದು ವಾರ ರಜ ತಗೊಳ್ಳಿ. ನಿಮಗೇ ಅವಶ್ಯ ಇದೆ!"

ಹೋದರೆ ಹೋಗಲಿ, ಹಿಟ್ಟಂತೂ ಉಬ್ಬಿತ್ತು! ಪಾತ್ರೆಗೆ ಮುಚ್ಚಳ ಹಾಕಿ ಹಂಡೆ ಒಲೆಯ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದೆ.

"ಕೆಂಡ ಜಾಸ್ತಿ ಆಯ್ತು ಕಣ್ರೀ," ಎಂದಳು ಕೌಸಲ್ಯ.

"ಭೀಮಸೇನನಿಗೆ ಯಾರಾದ್ರೂ ಹೀಗಂದಿದ್ರಾ?" ಎಂದೆ.

ಬ್ರೆಡ್ಡು ಹೊರಬಂತು. ಹೊರಗೆ ಇದ್ದಿಲು, ಒಳಗೆ ಪೋಸ್ಟರು ಅಂಟಿಸುವ ಮೈದಾ ಸರಿ! ಅಮ್ಮ ಬೆರಳಿನಿಂದ ತಟ್ಟಿದರು. ಟಕ್ ಟಕ್ ಎಂದಿತು.

"ಪಟ್ಟಾಭಿ, ಇದನ್ನ ಬಚ್ಚಲಲ್ಲಿಡು. ಹಿಮ್ಮಡಿ ಉಜ್ಜಕ್ಕಾಗತ್ತೆ."

ಕೌಸಲ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಅವಮಾನವಾಯಿತು. "ಹಸಿಬಿಸಿ ಇದ್ರೇನೇ ರುಚಿ!" ಎಂದು ಇಬ್ಬರ ಎದುರೇ ಕೂತು ಇಡೀ ಬ್ರೆಡ್ಡನ್ನು ನಾನೇ ತಿಂದು ಮುಗಿಸಿದೆ. ಅಮ್ಮ ಮತ್ತೆ ಗಂಜಿ ತಿಳಿ ಕುಡಿದು ಮಲಗಿದರು. ಆಗ ಮಾತ್ರ ನಿಜಕ್ಕೂ ದುಃಖವಾಯಿತು.

ಮರುದಿನ ಅಮ್ಮನನ್ನು ನೋಡಲು ಬಂದ ಡಾಕ್ಟರು, ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದ ನನ್ನನ್ನು ನೋಡಿದರು. ಹೊಟ್ಟೆ ಒತ್ತಿದರು, ಕಾರಣ ಕೇಳಿದರು, ಅರ್ಧ ಗಂಟೆ ನಕ್ಕರು.

"ಇವರಿಗೂ ಮೂರು ದಿನ ಬ್ರೆಡ್ಡು ಹಾಲು. ಬೇಕರಿದು!"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಬೇಗ ತಂದ್ಕೊಡೇ ಕೌಸಲ್ಯ, ಮಗು ಒದ್ದಾಡ್ತಿದೆ," ಎಂದರು.

ರಾಮಾಂಜಿನಯ್ಯನ ಬ್ರೆಡ್ಡು ಬಂತು. ಆದರೆ ನನ್ನ ತಟ್ಟೆಗೆ ಬಿದ್ದದ್ದು ಅರ್ಧವೇ.

"ಮಿಕ್ಕಿದ್ದೆಲ್ಲೇ?"

ಕೌಸಲ್ಯ ತುಟಿಯ ಮೇಲೆ ಬೆರಳಿಟ್ಟು ಕಣ್ಣಿನಲ್ಲೇ ಒಳಕೋಣೆ ತೋರಿಸಿದಳು. ಅಮ್ಮ ಗೋಡೆಯ ಕಡೆ ತಿರುಗಿ ಕೂತಿದ್ದರು. ಕೈಯಲ್ಲಿ ಹಾಲಿನ ಲೋಟ. ತುಂಡು ಅದ್ದುತ್ತಿದ್ದರು, ತಿನ್ನುತ್ತಿದ್ದರು, ಮತ್ತೆ ಅದ್ದುತ್ತಿದ್ದರು. ಕೊನೆಯ ತುಂಡು ಮುಗಿದಾಗ ತೃಪ್ತಿಯಿಂದ ತಮ್ಮಷ್ಟಕ್ಕೇ ಹೇಳಿಕೊಂಡರು:

"ಎಷ್ಟು ಮೆತ್ತಗಿದೆ! ತುಳಿದೋನು ಯಾರೋ ಏನೋ, ಕೆಲಸ ಬಲ್ಲೋನು!"