ತಾತ್ಕಾಲಿಕ ಶತ್ರು

ಕಂಬಳಿಹಾಳ ಗ್ರಾಮಕ್ಕೆ ೧೯೮೭ರಲ್ಲಿ ಸೇನೆಯಿಂದ ನಿವೃತ್ತವಾದ ಒಂದು ತೋಪು ಮಂಜೂರಾಯಿತು. ಎಪ್ಪತ್ತೊಂದರ ಯುದ್ಧದಲ್ಲಿ ಅಂಥದೇ ತೋಪಿಗೆ ಗುಂಡು ತುಂಬಿದ್ದ ನಿವೃತ್ತ ಹವಾಲ್ದಾರ ಭರಮು, ಅಥಣಿಯಿಂದ ಬಂದ ಲಾರಿಯನ್ನು ಊರ ಅಗಸಿ ಬಾಗಿಲಲ್ಲೇ ಎದುರುಗೊಂಡು ಕಾಯಿ ಒಡೆದ. ಹಳೆಯ ದೋಸ್ತ ಸಿಕ್ಕಷ್ಟು ಖುಷಿ ಅವನಿಗೆ.

ತೋಪನ್ನು ಊರ ನಡುವೆ ಸ್ಮಾರಕವಾಗಿ ನಿಲ್ಲಿಸುವಾಗ, ಅದರ ಮೂತಿಯನ್ನು ಯಾವ ದಿಕ್ಕಿಗೆ ಇಡಬೇಕೆಂಬ ಪ್ರಶ್ನೆ ಬಂತು. ಪೂರ್ವಕ್ಕೆ ಪೊಲೀಸ್ ಚೌಕಿ. ಪಶ್ಚಿಮಕ್ಕೆ ಮಹಾರಾಷ್ಟ್ರ, ಗಡಿ ತಂಟೆ ಇದ್ದದ್ದೇ ಸಾಕಾಗಿತ್ತು. ಉತ್ತರಕ್ಕೆ ಸ್ಮಾರಕ ಸಮಿತಿಯ ಅಧ್ಯಕ್ಷ ಜಿನ್ನಪ್ಪನವರ ಬೆಲ್ಲದ ಅಂಗಡಿ. ಉಳಿದದ್ದು ದಕ್ಷಿಣ, ಭರಮುವಿನ ಮನೆ.

"ಭರಮೂಗ ತೋಪಿನ ರೂಢಿ ಐತಿ," ಎಂದರು ಜಿನ್ನಪ್ಪ.

"ಹಿಂದ ನಿಂತು ರೂಢಿ ಐತ್ರಿ," ಎಂದ ಭರಮು. "ಮುಂದ ನಿಂತು ಇಲ್ರಿ."

ಜಿನ್ನಪ್ಪನವರು ಉದ್ಘಾಟನಾ ಭಾಷಣದಲ್ಲಿ ಎಲ್ಲವನ್ನೂ ವಿವರಿಸಿದರು. ದೊಡ್ಡ ದೊಡ್ಡ ಸೇನಾಪತಿಗಳು ಹೆಸರು ಮಾಡಿದ್ದು ತೋಪಿನಿಂದ. ತೋಪು ಹೆಸರು ಮಾಡಿದ್ದು ಶತ್ರುವಿನಿಂದ. ಆದ್ದರಿಂದ ಸಮಿತಿ ನಿಯಮ ಮಾಡಿತು: "ಶತ್ರು ಲಭ್ಯವಿಲ್ಲದ ಗ್ರಾಮಗಳಲ್ಲಿ, ತೋಪಿನ ಗೌರವಾರ್ಥ ಸ್ಥಳೀಯರೊಬ್ಬರನ್ನು ತಾತ್ಕಾಲಿಕ ಶತ್ರು ಎಂದು ನೇಮಿಸತಕ್ಕದ್ದು." ಜನ ಚಪ್ಪಾಳೆ ತಟ್ಟಿದರು. ಭರಮುವಿಗೆ ಹಾರ ಹಾಕಿದರು.

ಭರಮುವಿನ ಮಗಳು ಸಾವಿತ್ರೆವ್ವಳನ್ನು ತನ್ನ ಮಗನಿಗಾಗಿ ನೋಡಲು ಮುಗಳಖೋಡದಿಂದ ಬೀಗನಾಗಬೇಕಾದ ಮಲಕಾರಿ ಬಂದ. ಹುಡುಗಿ ಮನಸ್ಸಿಗೆ ಬಂದಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು ತೋಪಿನ ಬಾಯಿ ನೋಡಿದ.

"ಶತ್ರುವಿನ ಮನಿ ಹೆಣ್ಣು ನಮಗ ಬ್ಯಾಡ್ರಿ," ಎಂದು ಚಹಾ ಅರ್ಧಕ್ಕೇ ಬಿಟ್ಟು ಹೋದ.

ಭರಮುವಿನ ಹೆಂಡತಿ ಲಗಮವ್ವ ಗಂಡನೊಡನೆ ಮಾತು ಬಿಟ್ಟಳು. ಯುದ್ಧದಲ್ಲಿ ಕಣ್ಣೀರು ಹಾಕದವನು ಆವತ್ತು ಗೋಡೆಗೆ ಮುಖ ಮಾಡಿ ಅತ್ತ. ಮರುದಿನ ತಾಲೂಕಿಗೆ ಹೋಗಿ, ಮೂತಿ ತಿರುಗಿಸಿಕೊಡಬೇಕೆಂದು ಅರ್ಜಿ ಕೊಟ್ಟ. ಮಳೆಗಾಲ ಕಳೆದು ಉತ್ತರ ಬಂತು:

"ಬದಲಿ ಶತ್ರು ಹಾಜರಾಗುವವರೆಗೆ ಮೂತಿ ತಿರುಗಿಸಲು ಅವಕಾಶವಿರುವುದಿಲ್ಲ. ಅಲ್ಲಿಯವರೆಗೆ ಶ್ರೀ ಭರಮು ಇವರನ್ನು ಸದರಿ ಹುದ್ದೆಯಲ್ಲಿ ಮುಂದುವರಿಸಿ ಆದೇಶಿಸಲಾಗಿದೆ."

ಹುದ್ದೆ ಎಂಬ ಮಾತು ಬಸ್ಸಿಗಿಂತ ಮುಂಚೆ ಮುಗಳಖೋಡ ಮುಟ್ಟಿತು. ಮೂರನೆಯ ದಿನ ಮಲಕಾರಿ ಹಣ್ಣುಕಾಯಿ ಹಿಡಿದು ಬಂದ, ಭರಮುವನ್ನು ಕರೆದುಕೊಂಡು ಸೀದಾ ಜಿನ್ನಪ್ಪನವರ ಅಂಗಡಿಗೆ ಹೋದ.

"ಸರಕಾರಿ ಆರ್ಡರ್ ಖರೇ ಐತೇನ್ರಿ?"

"ಶಿಕ್ಕಾ ಸುದ್ದಾ ಐತಿ," ಎಂದು ಜಿನ್ನಪ್ಪ ಆದೇಶದ ಮೊಹರಿನ ಮೇಲೆ ಬೆರಳಿಟ್ಟರು.

"ಟೆಂಪರರಿ ಅಂತಾರಲ್ರಿ?"

"ಇವತ್ತ ಟೆಂಪರರಿ. ಮುಂದ ಖಾಯಂ ಆಗ್ತಾರ. ಶತ್ರುನ್ನ ನಡುವ ಕೈಬಿಟ್ಟ ಸರಕಾರ ಯಾವುದೈತಿ?"

ಮಲಕಾರಿ ಗಂಟಲು ಸರಿಮಾಡಿಕೊಂಡ. "ಇವರ ನಂತರ ಅಳಿಯಗ ಬರತೈತೇನ್ರಿ?"

"ಶಿಫಾರಸು ಮಾಡೋಣ. ಆದ್ರ ಭರಮು ಹುದ್ದೆ ಒಪ್ಪಿಕೊಂಡೀನಿ ಅಂತ ಬರಕೊಡಬೇಕು."

ಭರಮು ತೋಪಿನ ಕಡೆ ನೋಡಿದ. ಮನೆಯ ಕಟ್ಟೆಯ ಮೇಲೆ ಸಾವಿತ್ರೆವ್ವ ಜೋಳ ಕೇರುತ್ತ ಕೂತಿದ್ದಳು. ಬರೆದುಕೊಟ್ಟ.

ಮದುವೆ ತೋಪಿನ ಮುಂದೆಯೇ ಆಯಿತು. ಮುತ್ತೈದೆಯರು ಮೊದಲ ಭಂಡಾರದ ಅರಿಷಿಣ ಮೂತಿಗೆ ಹಚ್ಚಿದರು. ಲಗ್ನಪತ್ರಿಕೆಯಲ್ಲಿ ಹೆಣ್ಣಿನ ತಂದೆಯ ಹೆಸರಿನ ಕೆಳಗೆ 'ನಿವೃತ್ತ ಹವಾಲ್ದಾರ' ಎಂದಿದ್ದುದನ್ನು ಮಲಕಾರಿ ಹೊಡೆಸಿಹಾಕಿ, 'ಶತ್ರು, ಕಂಬಳಿಹಾಳ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದ. ಓದಿದವರೆಲ್ಲ, ಭರಮು ಇನ್ನೂ ನೌಕರಿಯಲ್ಲಿದ್ದಾನೆಂದು ಮೆಚ್ಚಿ ಊಟಕ್ಕೆ ಕೂತರು.